ತಾತನ ಬಿಎಸ್‌ಎ ಎಂ20 ಸಿಕ್ಕೈತೆ, ಸೈಡ್‌ಕಾರ್ ಕಟ್ಟಿ ರೇಸ್‌ಗೆ ಇಳಿಸ್ಬಹುದಾ?

ಕೌಲ್‌ಬಜಾರ್ ಹುಡುಗ, ಬಳ್ಳಾರಿ:

ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದ್ಕೊಂಡಿದ್ದೆ, ಇವತ್ತು ಬರೀಲೇಬೇಕು ಅನಿಸ್ತು. ಸಿರುಗುಪ್ಪ ಹತ್ರ ನಮ್ಮ ತಾತನ ಹೊಲ ಐತೆ, ಅಲ್ಲಿರೋ ಹಳೇ ಪಂಪ್‌ಸೆಟ್ ಮನೆ ಗೋಡೆ ಈ ಮಳೆಗೆ ಬೀಳೋ ಹಂಗಾಗಿತ್ತು, ಅದಕ್ಕೆ ಒಳಗಿದ್ದ ಗೊಬ್ಬರದ ಚೀಲ, ಸ್ಪ್ರೇ ಪಂಪು, ಹರಿದ ಪೈಪು ಎಲ್ಲ ಹೊರಗೆ ಹಾಕ್ತಾ ಹೋದ್ವಿ, ಕೊನೆಗೆ ಮೂಲೇಲಿ ತಾಡಪತ್ರಿ ಮುಚ್ಚಿದ್ದು ಏನೋ ಇತ್ತು, ಎತ್ತಿ ನೋಡಿದ್ರೆ ಬೈಕು!! ತಾತನ ಹತ್ರ ಮಿಲಿಟರಿ ಮೋಟ್ರು ಇತ್ತು ಅಂತ ಅವ್ವ (ನಮ್ಮಜ್ಜಿ) ಹೇಳ್ತಿದ್ಲು, ನಾವು ಅದು ಯಾವಾಗೋ ಗುಜರಿಗೆ ಹೋಗೈತೆ ಅನ್ಕೊಂಡಿದ್ವಿ. ಚಕ್ರ ಎರಡೂ ಜಾಮ್, ತಳ್ಳಿದ್ರೆ ಅಲ್ಲಾಡಲ್ಲ, ಕೊನೆಗೆ ಡೀಸೆಲ್ ಪಂಪ್‌ಸೆಟ್‌ನ ಟ್ರಾಲಿ ಖಾಲಿ ಮಾಡಿ ಅದರ ಮೇಲೆ ಎತ್ತಿ ಹಾಕ್ಕೊಂಡು ರಸ್ತೆ ತನಕ ಎಳ್ಕೊಂಡು ಬಂದ್ವಿ.

ಈಗ ಗಾಡಿ ಮನೇಲೈತೆ. ಬಿಎಸ್‌ಎ ಎಂ20, ಯುದ್ಧದ ಕಾಲದ ಇಂಗ್ಲೆಂಡಿನ ಮಿಲಿಟರಿ ಬೈಕು. ಎಂಜಿನ್ ನಂಬರ್ ಡಬ್ಲ್ಯೂಎಂ20 ಅಂತ ಶುರುವಾಗುತ್ತೆ, ಮುಂದೆ ಗರ್ಡರ್ ಫೋರ್ಕು, ಹಿಂದೆ ಸಸ್ಪೆನ್ಷನ್ನೇ ಇಲ್ಲ, ಕಿಕ್ ಕೆಳಗೆ ಹೋಗ್ತಾನೇ ಇಲ್ಲ. ಚಾಸಿಯ ಎಡಗಡೆ ದಪ್ಪ ಕಿವಿ ಥರ ಎರಡು ಮೂರು ಕಡೆ ಉಬ್ಬೈತೆ, ಅದಕ್ಕೆ ಏನು ಕೂಡುತ್ತೋ ಗೊತ್ತಾಗಲಿಲ್ಲ.

ನನ್ನ ಆಸೆ ಏನಂದ್ರೆ ಇದಕ್ಕೊಂದು ಸೈಡ್‌ಕಾರ್ (ಬೈಕಿನ ಪಕ್ಕಕ್ಕೆ ಕೂಡಿಸೋ ಒಂಟಿ ಚಕ್ರದ ತೊಟ್ಲು) ಕಟ್ಟಿ ರೇಸ್ ಓಡಿಸ್ಬೇಕು. ಯೂಟ್ಯೂಬಲ್ಲಿ ಇಂಗ್ಲೆಂಡಿನ ಹಳೇ ಸೈಡ್‌ಕಾರ್ ರೇಸ್ ನೋಡಿ ನೋಡಿ ತಲೆ ಕೆಟ್ಟೈತೆ, ಒಬ್ಬ ಹ್ಯಾಂಡಲ್ ಹಿಡಿದಿರ್ತಾನೆ ಇನ್ನೊಬ್ಬ ತಿರುವು ಬಂದಾಗೆಲ್ಲ ನೆಲಕ್ಕೆ ಮೂಗು ತಾಗೋ ಹಂಗೆ ಹೊರಗೆ ಬೀಳ್ತಾನೆ. ನನ್ನ ತಂಗಿ ಕಬಡ್ಡಿ ಪ್ಲೇಯರ್ರು, ನಾನೇ ಪ್ಯಾಸೆಂಜರ್ ಅಂತ ಈಗ್ಲೇ ಕೂತವ್ಳೆ, ಅಮ್ಮ ಬೈತಾ ಅವ್ಳೆ. ಇಲ್ಲೊಬ್ಬ ಮೇಸ್ತ್ರಿ ಹೆಡ್ ಕೆರೆದು ಕಂಪ್ರೆಷನ್ ಏರಿಸಿ ಟ್ರ್ಯಾಕ್ಟರ್ ಪಿಸ್ಟನ್ ಹಾಕ್ಕೊಡ್ತೀನಿ, 120 ಓಡ್ತೈತೆ ಅಂತಾನೆ. ಮಾಡಿಸ್ಲಾ? ಮತ್ತೆ ಓಡಿಸೋದಾದ್ರೆ ಎಲ್ಲಿ? ಪೇಪರ್ ಕಥೆ ಏನು? ತಾತನ ಹೆಸರಲ್ಲಿ ಹರಿದ ಆರ್‌ಸಿ ಒಂದು ಟ್ರಂಕಲ್ಲಿ ಸಿಕ್ಕೈತೆ.

ಲೇತ್ ಮಾವ, ರಾಯಚೂರು:

ತಮ್ಮಾ ಮೊದಲು ಕಿಕ್ಕರ್ ಮ್ಯಾಲೆ ನಿಂತು ಕುಣಿಯೋದು ಬಿಡು. ಎಷ್ಟೋ ವರ್ಷ ನಿಂತ ಗಾಡಿ ಅದು, ಒಳಗ ರಿಂಗು ಬೋರಿಗೆ ಕಚ್ಚಿರ್ತದ, ವಾಲ್ವು ಗೈಡಿನ್ಯಾಗ ಹಿಡಿದಿರ್ತದ, ನೀ ಒದ್ರ ಮುರಿಯೋದು ಕಿಕ್ಕರ್ ಹಲ್ಲು. ಎಂ20 ಸೈಡ್‌ವಾಲ್ವ್ ಎಂಜಿನ್ ಅದ, ವಾಲ್ವು ಎರಡೂ ಸಿಲಿಂಡರ್ ಪಕ್ಕದಾಗ ಇರ್ತಾವ, ಹೆಡ್ಡಿನ್ಯಾಗ ಏನೂ ಇಲ್ಲ. ಹೆಡ್ ಬಿಚ್ಚೋದು ಅಂದ್ರ ಡಬ್ಬಿ ಮುಚ್ಚಳ ತಗದಂಗ. ಬಿಚ್ಚು, ಬೋರಿನ್ಯಾಗ ಡೀಸೆಲ್ ತುಂಬಿ ಎಂಟು ದಿನ ಮರ್ತುಬಿಡು, ಆಮ್ಯಾಲೆ ಪಿಸ್ಟನ್ ಮ್ಯಾಲೆ ಕಟ್ಟಿಗಿ ತುಂಡು ಇಟ್ಟು ಮೆಲ್ಲಗ ಬಡಿ. ಅಲ್ಲಾಡ್ಲಿಲ್ಲಾ, ಇನ್ನೆಂಟು ದಿನ ಬಿಡು. ಅವಸರದವ ಈ ಕೆಲಸಕ್ಕ ಕೈ ಹಾಕಬಾರದು.

ಎರಡನೇದು, ಪಾನಾ. ನಿನ್ನ ಮನ್ಯಾಗ ಇರೋ ಎಂಎಂ ಪಾನಾ ಇದಕ್ಕ ತೋರಿಸಬ್ಯಾಡ. ಅದರ ಬೋಲ್ಟೆಲ್ಲ ಹಳೇ ಇಂಗ್ಲಿಷ್ ಅಳತಿ, ವಿಟ್‌ವರ್ತ್, ಬಿಎಸ್‌ಎಫ್, ಸೈಕಲ್ ಥ್ರೆಡ್ಡು. ವಿಟ್‌ವರ್ತಿಂದು ಥ್ರೆಡ್ ಕೋನ 55 ಡಿಗ್ರಿ, ಈಗಿನ ಬೋಲ್ಟಿಂದು 60, ಸೈಕಲ್ ಥ್ರೆಡ್ ಇಂಚಿಗೆ 26 ಹಲ್ಲು. ಕೈಲೆ ಎರಡು ಸುತ್ತು ಹೋಯ್ತು ಅಂತ ಎಂಎಂ ಬೋಲ್ಟ್ ಪಾನಾ ಹಾಕಿ ಎಳದ್ರ ಅಲ್ಲಿಗೆ ಕೇಸಿನ ಥ್ರೆಡ್ ಕಥಿ ಮುಗೀತು. ಪಾನಾ ಮ್ಯಾಲೆ ಬರ್ದಿರೋ ನಂಬರ್ ಬೋಲ್ಟಿನ ದಪ್ಪ ಹೇಳ್ತದ, ಮಂಡೆ ಅಗಲ ಅಲ್ಲ, ಅದಕ್ಕ 1/4 ಡಬ್ಲ್ಯೂ ಅಂತ ಇರೋದು 5/16 ಬಿಎಸ್‌ಎಫ್ ಬೋಲ್ಟಿಗೂ ಕೂಡ್ತದ. ಇದು ತಲ್ಯಾಗ ಇಳಿಯೋತನ ನಾನೂ ಬಾಳ ಬೋಲ್ಟ್ ಹಾಳು ಮಾಡೀನಿ. ನಮ್ಮ ರಾಯಚೂರು ಹತ್ತಿ ಜಿನ್ನಿಂಗ್ ಮಿಲ್ಲಿನ್ಯಾಗ ಹಳೇ ಇಂಗ್ಲಿಷ್ ಮಷಿನ್ ಇದ್ದಾಗ ಎಲ್ಲಾ ಇದೇ ಥ್ರೆಡ್ಡು, ಮಿಲ್ ಮುಚ್ಚಿದಾಗ ಟ್ಯಾಪ್ ಡೈ ಸೆಟ್ ತೂಕದ ಲೆಕ್ಕದಾಗ ಮಾರಿದ್ರು, ನಾ ತಗೊಂಡು ಇಟ್ಟೀನಿ. ಬೇಕಾದ್ರ ಬಾ.

ಈಗ ನಿಮ್ಮ ಮೇಸ್ತ್ರಿ ಮಾತಿಗೆ ಬರ್ತೀನಿ. ಬ್ಯಾಡ. ಕೈಮುಗಿತೀನಿ ಬ್ಯಾಡ. 82 ಎಂಎಂ ಬೋರು, 94 ಸ್ಟ್ರೋಕು, 496 ಸಿಸಿ, ಕಂಪ್ರೆಷನ್ 5ಕ್ಕೆ 1ರ ಹತ್ರ, ಪವರ್ ಬರೇ 13 ಎಚ್‌ಪಿ. ಯಾಕ ಇಷ್ಟು ಕಡಿಮಿ ಅಂದ್ರ ಪೆಟ್ರೋಲ್ ಗಾಳಿ ಪಕ್ಕದ ಕೋಣಿಯಿಂದ ಎದ್ದು, ಹೆಡ್ಡಿಗೆ ತಾಗಿ, ಹೊಳ್ಳಿ ಸಿಲಿಂಡರ್ ಒಳಗ ಇಳೀಬೇಕು. ಹೆಡ್ ಕೆರೆದು ಕಂಪ್ರೆಷನ್ ಏರಿಸ್ತೀ ಅಂದ್ರ ಅದೇ ದಾರಿ ಸಣ್ಣ ಆಗ್ತದ, ಒಂದು ಕೈಲೆ ಕೊಟ್ಟು ಇನ್ನೊಂದು ಕೈಲೆ ಕಸಗೊಂಡಂಗ. ಮ್ಯಾಲೆ ಎಕ್ಸಾಸ್ಟ್ ಬಿಸಿ ಎಲ್ಲ ಬ್ಯಾರಲ್ ಪಕ್ಕದಿಂದನ ಹೋಗ್ತದ, ಒಂದು ಕಡಿ ಕಾದು ಬೋರು ಸೊಟ್ಟ ಆಗ್ತದ. ನಮ್ಮೂರ ಮೇ ತಿಂಗಳ 42 ಡಿಗ್ರಿ ಬಿಸಲಾಗ ಅದನ್ನ ರೇಸ್ ಓಡಿಸ್ತೀನಿ ಅನ್ನೋದು ಮುದುಕನ್ನ ಓಡಿಸಿದಂಗ. ಟ್ರ್ಯಾಕ್ಟರ್ ಪಿಸ್ಟನ್ ತೂಕ ಬ್ಯಾರೆ, ಫ್ಲೈವೀಲ್ ಬ್ಯಾಲೆನ್ಸ್ ಮಾಡಿದ್ದು ಅದರದೇ ಪಿಸ್ಟನ್ ತೂಕಕ್ಕ, ನಿಮ್ಮ ಮೇಸ್ತ್ರಿದು ಹಾಕಿದ್ರ 60 ದಾಟೋದ್ರಾಗ ಕೈ ಜೋಮು ಹಿಡೀತದ.

ಪ್ಲಗ್ಗಿಗೆ ಕಿಡಿ ಕೊಡೋ ಮ್ಯಾಗ್ನೆಟೋನೂ ನೋಡ್ಸು. ಲ್ಯೂಕಾಸ್ ಮ್ಯಾಗ್‌ಡೈನೋ ಇರ್ತದ, ಅದರ ಆರ್ಮೇಚರ್‌ಗೆ ಹಿಂದಕ ಅರಗು ಬಳೀತಿದ್ರು, ಬಿಸಿಗೆ ಅದು ಮೆತ್ತಗಾಗಿ ಅಂಟ್ತದ. ಬೆಳಿಗ್ಗೆ ತಂಪಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್, ಹತ್ತು ಕಿಲೋಮೀಟರ್ ಆದಮ್ಯಾಲೆ ಬಂದ್, ಮತ್ತ ತಂಪಾದಮ್ಯಾಲೆ ಸ್ಟಾರ್ಟ್ ಅಂದ್ರ ಕಂಡೆನ್ಸರ್ ಹೋಗ್ಯದ ಅಂತ ತಿಳ್ಕೊ. ಕಾರ್ಬ್ಯುರೇಟರ್ ಬಿಚ್ಚಿ ಮನಿಯವರನ್ನ ಬೈಬ್ಯಾಡ.

ಸ್ಟಾಕ್ ಇದ್ದಂಗ ಕಟ್ಟು, ಸೋಲೋನ ಓಡ್ಸು. ಸೈಡ್‌ಕಾರ್ ಪಾಡ್‌ಕಾರ್ ಎಲ್ಲ ಬಿಟ್ಬಿಡು.

ಸಿಂಧನೂರು ಟ್ರೇಡರ್:

ಕೊಡೋದಿದ್ರ ಹೇಳ್ರಿ ನಾಳೇನೇ ಕ್ಯಾಶ್, ಪೇಪರ್ ಇಲ್ದಿದ್ರೂ ನಡೀತದ

ಕೌಲ್‌ಬಜಾರ್ ಹುಡುಗ, ಬಳ್ಳಾರಿ:

ಇಲ್ಲಣ್ಣ. ಮಾರಿದ್ರೆ ಅವ್ವ ನನ್ನ ಮನೆ ಒಳಗೇ ಸೇರಿಸಲ್ಲ.

ಲೇತ್ ಮಾವ, ಡೀಸೆಲ್ ಹಾಕಿದೀನಿ. ಮೇಸ್ತ್ರಿಗೆ ಬೇಡ ಅಂತ ಹೇಳ್ದೆ, ಮುನಿಸ್ಕೊಂಡ.

ಗಂಗಾವತಿ ಬುಲೆಟ್:

ಮಾವ ಹೇಳಿದ್ದಕ್ಕೆಲ್ಲ ಹೂಂ ಅಂತೀನಿ, ಕೊನೀ ಮಾತಿಗೆ ಮಾತ್ರ ಜಗಳ ಐತಿ ನಂದು. ಎಂ20ಗೆ ಸೈಡ್‌ಕಾರ್ ಬ್ಯಾಡ ಅಂದ್ರ ಎತ್ತಿಗೆ ನೊಗ ಬ್ಯಾಡ ಅಂದಂಗ ಆತು. ಆ ಎಂಜಿನ್ ಓಡಾಕ ಹುಟ್ಟಿದ್ದಲ್ಲ, ಎಳಿಯಾಕ ಹುಟ್ಟಿದ್ದು. ಅದರ ಅಣ್ಣ ಎಂ21, ಅದೇ 82 ಬೋರು, ಸ್ಟ್ರೋಕ್ ಮಾತ್ರ 112, 591 ಸಿಸಿ. ಇಂಗ್ಲೆಂಡಿನ ಆಟೊಮೊಬೈಲ್ ಅಸೋಸಿಯೇಷನ್ನವರು ಹಳದಿ ಬಣ್ಣ ಬಳಿದು ಸೈಡ್‌ಕಾರ್ ಒಳಗ ಟೂಲ್ಸ್ ತುಂಬ್ಕೊಂಡು ರಸ್ತ್ಯಾಗ ಕೆಟ್ಟು ನಿಂತ ಕಾರು ರಿಪೇರಿ ಮಾಡ್ಕೋತ ವರ್ಷಗಟ್ಟಲೆ ಓಡಿಸ್ಯಾರ ಅದನ್ನ. ಸೈಡ್‌ಕಾರ್ ಹಾಕಪ, ರೇಸ್ ಮಾತ್ರ ಅದರ ಮ್ಯಾಲೆ ಬ್ಯಾಡ. ರೇಸ್‌ಗೆ ಒಂದು ಹಳೇ ಬುಲೆಟ್ ಹುಡುಕು.

ನನ್ನ ಕಥಿ ಕೇಳು. ನಾ ಒಂದು ಬುಲೆಟ್ 350ಗೆ ಸೈಡ್‌ಕಾರ್ ಕಟ್ಟೀನಿ, ಎರಕದ ಕಬ್ಬಿಣದ ಬ್ಯಾರಲ್ ಇರೋ ಹಳೇದು, 70 ಬೋರು 90 ಸ್ಟ್ರೋಕು. ಚಾಸಿ ಮಾಡ್ಕೊಟ್ಟಾಂವ ಇಲ್ಲಿ ರೈಸ್‌ಮಿಲ್ಲಿಗೆ ಎಲಿವೇಟರ್ ಕಟ್ಟೋ ವೆಲ್ಡರ್, ಕೆಲಸ ಗಟ್ಟಿ, ಆದ್ರ ಇಬ್ರಿಗೂ ಸೈಡ್‌ಕಾರ್ ಗೊತ್ತಿಲ್ಲ. ಕಣ್ಣಳತಿಲೆ ಚಕ್ರ ನೆಟ್ಟಗ ನಿಲ್ಲಿಸಿ ವೆಲ್ಡ್ ಹೊಡದ್ವಿ. ಮೊದಲನೇ ದಿನ ಎಡದಂಡೆ ಕಾಲುವಿ ರಸ್ತ್ಯಾಗ ಹೊಂಟೆ, ಖಾಲಿ ಸೈಡ್‌ಕಾರು, 40ರಾಗ ಇದ್ದೆ, ಎಡಕ್ಕ ಒಂದು ತಿರುವು ಬಂತು ನೋಡು, ಸೈಡ್‌ಕಾರ್ ಚಕ್ರ ಮೆಲ್ಲಗ ನೆಲ ಬಿಟ್ಟು ಮ್ಯಾಲೆದ್ದು ಬಂತು. ಜೀವ ಬಾಯಿಗೆ ಬಂದು ಹ್ಯಾಂಡಲ್ ನೆಟ್ಟಗ ಮಾಡಿದೆ, ಚಕ್ರ ಕೆಳಗ ಬಿತ್ತು, ಗಾಡಿ ಸೀದಾ ಹೋಗಿ ಬಲಗಡೆ ಭತ್ತದ ಗದ್ಯಾಗ ನಿಂತು. ಎದುರಿಗೆ ಲಾರಿ ಇದ್ದಿದ್ರ ಇದನ್ನ ಬರ್ಯಾಕ ನಾ ಇರ್ತಿರ್ಲಿಲ್ಲ. ನಾಟಿ ಹಚ್ಚಿ ಹದಿನೈದು ದಿನ ಆಗಿತ್ತು, ಗದ್ದಿಯವ್ನು ಬೈದಿದ್ದು ಬ್ಯಾರೆ.

ಆವಾಗ ತಿಳಿದಿದ್ದು, ಸೈಡ್‌ಕಾರ್ ಹಾಕಿದ್ಮ್ಯಾಲೆ ಅದು ಬೈಕೂ ಅಲ್ಲ ಕಾರೂ ಅಲ್ಲ. ಬಾಗೋದಿಲ್ಲ, ಹ್ಯಾಂಡಲ್ ತಿರುಗಿಸಬೇಕು. ಬಂಡಿಗೆ ಒಂದೇ ಎತ್ತು ಕಟ್ಟಿದಂಗ ಅದು. ಆಕ್ಸಿಲರೇಟರ್ ಕೊಟ್ರ ಬೈಕು ಮುಂದ, ಸೈಡ್‌ಕಾರ್ ಹಿಂದ ಉಳೀತೈತಿ, ಗಾಡಿ ಎಡಕ್ಕ ಎಳೀತೈತಿ. ಬ್ರೇಕ್ ಹಿಡದ್ರ ಬೈಕು ನಿಂದ್ರತೈತಿ, ಸೈಡ್‌ಕಾರ್ ಇನ್ನೂ ಮುಂದ ಹೋಗ್ತೀನಿ ಅಂತೈತಿ, ಬಲಕ್ಕ ದಬ್ಬತೈತಿ. ಇದನ್ನ ಪೂರ್ತಿ ತಗ್ಯಾಕ ಬರೂದಿಲ್ಲ, ಅಳತಿ ಸರಿ ಇಟ್ರ ಕಡಿಮಿ ಮಾಡಬೋದು ಅಷ್ಟ.

ಅಳತಿ ಹೆಂಗಂದ್ರ, ಸಪಾಟ್ ಸಿಮೆಂಟ್ ನೆಲದ ಮ್ಯಾಲೆ ಗಾಡಿ ನಿಲ್ಲಿಸು, ಬೈಕಿನ ಎರಡೂ ಚಕ್ರಕ್ಕ ಹತ್ತಿ ಒಂದು ನೆಟ್ಟನ ಅಲ್ಯೂಮಿನಿಯಂ ಪಟ್ಟಿ ಇಡು, ಸೈಡ್‌ಕಾರ್ ಚಕ್ರಕ್ಕ ಇನ್ನೊಂದು. ಎರಡೂ ಪಟ್ಟಿ ನಡುವಿನ ಅಂತರ ಮುಂದಿನ ತುದ್ಯಾಗ ಹಿಂದಿನಕ್ಕಿಂತ 12ರಿಂದ 20 ಎಂಎಂ ಕಡಿಮಿ ಇರಬೇಕು, ಅಂದ್ರ ಸೈಡ್‌ಕಾರ್ ಚಕ್ರ ಸ್ವಲ್ಪ ಬೈಕಿನ ಕಡಿ ಮುಖ ಮಾಡಿರಬೇಕು. ಇದು ಟೋ ಇನ್. ಆಮ್ಯಾಲೆ ಗಾರೆ ಕೆಲಸದವರ ತೂಗುಗುಂಡು ಬಿಟ್ಟು ನೋಡು, ಬೈಕು ನೆಟ್ಟಗ ನಿಂದ್ರಬಾರದು, ಸೈಡ್‌ಕಾರಿಂದ ಆಚೆ ಒಂದು ಡಿಗ್ರಿಯಷ್ಟು ವಾಲಿರಬೇಕು, ಯಾಕಂದ್ರ ನಮ್ಮ ರಸ್ತೆ ಎಡಕ್ಕ ಇಳಿಜಾರು, ನೆಟ್ಟಗ ಇಟ್ಟ ಗಾಡಿ ಇಡೀ ದಿನ ಚರಂಡಿ ಕಡೀನ ಎಳೀತೈತಿ, ಸಂಜಿಗೆ ತೋಳು ಬಿದ್ದೋಗಿರ್ತಾವ. ಇನ್ನೊಂದು, ಸೈಡ್‌ಕಾರ್ ಚಕ್ರದ ಅಚ್ಚು ಹಿಂದಿನ ಚಕ್ರದ ಅಚ್ಚಿಗಿಂತ ಆರರಿಂದ ಹತ್ತು ಇಂಚು ಮುಂದಿರಬೇಕು. ಸರಿಸಮ ಇಟ್ರ ಬಲಕ್ಕ ಜೋರಾಗಿ ತಿರುಗಿಸಿದಾಗ ಸೈಡ್‌ಕಾರಿನ ಮೂಗು ನೆಲಕ್ಕ ಮುಗ್ಗರಿಸಿ ಬೈಕಿನ ಹಿಂದಿನ ಚಕ್ರ ಎದ್ದು ಬರತೈತಿ. ಮೂರು ಕಡಿ ಸಾಲೂದಿಲ್ಲ, ನಾಲ್ಕು ಕಡಿ ಕಟ್ಟು, ಒಂದೂ ವೆಲ್ಡ್ ಬ್ಯಾಡ, ಎಲ್ಲಾ ಬೋಲ್ಟ್ ಇರಲಿ, ಮೊದಲನೇ ದಿನಾನೇ ಸರಿ ಕೂಡೂದಿಲ್ಲ ಅದು. ನಾ ಹನ್ನೊಂದು ಸಲ ಬಿಚ್ಚಿ ಕಟ್ಟೀನಿ.

ಗೇರ್ ಕಡೆ ಸ್ಪ್ರಾಕೆಟ್ ಒಂದು ಎರಡು ಹಲ್ಲು ಸಣ್ಣದು ಹಾಕ್ಬೇಕು. ನನ್ನ ಬುಲೆಟ್ಟಿಗೆ 16 ಇತ್ತು, 14ಕ್ಕ ಇಳಿಸೀನಿ, ಟಾಪ್ ಸ್ಪೀಡ್ ಹೋತು ಆದ್ರ ಕ್ಲಚ್ ಉಳೀತು. ಕಲಿಯೂದಾದ್ರ ಖಾಲಿ ಮೈದಾನ, ಸೈಡ್‌ಕಾರಾಗ 25 ಕೆಜಿ ಅಕ್ಕಿ ಚೀಲ ಎರಡು, ಎಡಕ್ಕ ಸುತ್ತು ಹಾಕ್ಕೋತ ಹೋಗು, ಆಮ್ಯಾಲೆ ಒಂದು ಚೀಲ ತಗಿ, ಆಮ್ಯಾಲೆ ಖಾಲಿ. ಚಕ್ರ ಎದ್ರ ಹೆದರಿ ಹ್ಯಾಂಡಲ್ ನೆಟ್ಟಗ ಮಾಡಬ್ಯಾಡ, ಮೆಲ್ಲಗ ಆಕ್ಸಿಲರೇಟರ್ ಬಿಡು. ಇದು ಮೈಗೆ ಹತ್ತೋತನ ತಂಗೀನ ಕೂರಿಸ್ಬ್ಯಾಡ.

ರೇಸ್ ಬುಲೆಟ್ ಕಟ್ಟೂದಾದ್ರ ಮೊದಲನೇ ಖರ್ಚು ಬಿಗ್ ಎಂಡು, ಅಂದ್ರ ಕನೆಕ್ಟಿಂಗ್ ರಾಡಿನ ಕ್ರ್ಯಾಂಕ್ ಕಡಿ ಬೇರಿಂಗು. ಹಳೇ ಬುಲೆಟ್ಟಿನ ಕನೆಕ್ಟಿಂಗ್ ರಾಡ್ ಒಳಗ ಫ್ಲೋಟಿಂಗ್ ಬುಷ್ ಇರತೈತಿ, ಊರು ತಿರುಗಾಕ ಏನೂ ಆಗಂಗಿಲ್ಲ, ಆರ್‌ಪಿಎಂ ಏರಿಸಿದ್ರ ಅದೇ ಮೊದ್ಲು ಹೋಗೂದು, ರೋಲರ್ ಹಾಕ್ಸು. ಟೈಮಿಂಗ್ ಕಡಿ ಆಯಿಲ್ ಪಂಪ್ ತಿರುಗಿಸೋ ವರ್ಮ್ ನಟ್ ಉಲ್ಟಾ ಥ್ರೆಡ್ಡು, ಗೊತ್ತಿಲ್ದೆ ಎಳೆದು ಕ್ರ್ಯಾಂಕ್ ತುದಿ ಹಾಳು ಮಾಡಿದವರನ್ನ ಬಾಳ ಮಂದೀನ ನೋಡೀನಿ. ಆಯಿಲ್ ಒಂದು ಕೇಳ್ಬೇಕಿತ್ತು, ರೇಸ್ ಗಾಡಿಗೆ ಔಡಲೆಣ್ಣಿ ಹಾಕ್ತಾರಂತಲ್ಲ ಮಾವ, ನಮ್ಮ ಹೊಲದಾಗ ಬದುವಿಗೆ ಔಡಲ ಬಾಳ ಐತಿ 😄

ಲೇತ್ ಮಾವ, ರಾಯಚೂರು:

ಗಾಣದ್ದು ಹಾಕಿದ್ರ ಎಂಜಿನ್ ಜತಿಗೆ ನಿನ್ನ ಹೊಟ್ಟೀನೂ ಸ್ವಚ್ಛ ಆಗ್ತದ. ಹಾಕ್ತಿದ್ದಿದ್ದು ಖರೇ, ಕ್ಯಾಸ್ಟ್ರಾಲ್ ಅನ್ನೋ ಹೆಸರೇ ಕ್ಯಾಸ್ಟರ್ ಅಂದ್ರ ಔಡಲದಿಂದ ಬಂದದ್ದು, ರೇಸ್‌ನವ್ರು ಕ್ಯಾಸ್ಟ್ರಾಲ್ ಆರ್ ಹಾಕಿದ್ರ ಆ ವಾಸನಿಗೆ ಅರ್ಧ ಜನ ಸೇರ್ತಿದ್ರಂತ. ಬಿಸಿಗೆ ಜಗ್ಗೂದಿಲ್ಲ, ಮೆಥೆನಾಲ್ ಹಾಕಿ ಓಡಿಸಿದ್ರೂ ತೊಳ್ಕೊಂಡು ಹೋಗೂದಿಲ್ಲ, ಅದಕ್ಕ. ಆದ್ರ ಮಾಮೂಲಿ ಆಯಿಲ್ ಜತಿ ಕೂಡೂದಿಲ್ಲ, ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದ್ರ ಒಳಗೆಲ್ಲ ಗೋಂದು ಹಿಡೀತದ. ರೇಸ್ ಮುಗದ ಕೂಡ್ಲೆ ಸುರಿಯೋ ಎಣ್ಣಿ ಅದು. ಬಂಡಿ ಅಚ್ಚಿಗೆ ಹಾಕು ನಿನ್ನ ಔಡಲ.

ಸೈಡ್‌ಕಾರ್ ವಿಷಯ, ಆತು, ಸೋತೆ. ವೆಲ್ಡ್ ಬ್ಯಾಡ ಅಂದ್ಯಲ್ಲ, ಆ ಒಂದು ಮಾತಿಗೆ.

ಕೊಪ್ಪಳದ ಪರದೇಸಿ:

ತಡವಾಗಿ ನೋಡ್ದೆ. ನಾನು ಕೊಪ್ಪಳದವ, ಕೆಲಸದ ಮೇಲೆ ಬರ್ಮಿಂಗ್‌ಹ್ಯಾಮ್ ಹತ್ರ ಇದೀನಿ, ಬಿಎಸ್‌ಎ ಫ್ಯಾಕ್ಟರಿ ಇದ್ದ ಸ್ಮಾಲ್ ಹೀತ್ ನಮ್ಮನೆಯಿಂದ ಇಪ್ಪತ್ತು ನಿಮಿಷ. 1940ರ ನವೆಂಬರ್‌ನಲ್ಲಿ ಅಲ್ಲಿ ಬಾಂಬ್ ಬಿದ್ದು 53 ಜನ ಕೆಲಸಗಾರರು ಸತ್ರು, ಆದ್ರೂ ಯುದ್ಧ ಮುಗಿಯೋದ್ರೊಳಗೆ ಸುಮಾರು 1,26,000 ಎಂ20 ಮಾಡಿ ಕಳಿಸಿದ್ರು. ಅದರಲ್ಲೊಂದು ಸಿರುಗುಪ್ಪದ ಪಂಪ್‌ಸೆಟ್ ಮನೇಲಿ ಗೊಬ್ಬರದ ಚೀಲದ ಹಿಂದೆ ಐತಿ ಅಂತ ಇಲ್ಲಿಯವ್ರಿಗೆ ಹೇಳಿದ್ರೆ ನಂಬಲ್ಲ, ಫೋಟೊ ಹಾಕ್ರಿ.

ಎಲ್ರೂ ಒಂದು ಮಾತು ಬಿಟ್ಬಿಟ್ಟಿದ್ದೀರಿ. ಹುಡುಗ ಹೇಳಿದ ಆ ಎಡಗಡೆ ಕಿವಿ! ಅವು ಸೈಡ್‌ಕಾರ್ ಕೂಡಿಸೋ ಲಗ್ಗು. ಎಂ20 ಚಾಸಿಗೆ ಫ್ಯಾಕ್ಟರಿಯಲ್ಲೇ ಕೂಡಿಸಿ ಕಳಿಸ್ತಿದ್ರು. ಬುಲೆಟ್ಟಿಗೆ ಆದ್ರೆ ಬೇರೆ ಸಬ್‌ಫ್ರೇಮ್ ಕಟ್ಟಬೇಕು, ನಿಮಗೆ ಆ ಕೆಲಸ ಇಲ್ಲ. ಲಗ್ಗಿನ ಒಳಗೆ ಬೆರಳು ಹಾಕಿ ನೋಡ್ರಿ, ಬಣ್ಣ ಹಂಗೇ ಇದ್ರೆ ಯಾವತ್ತೂ ಸೈಡ್‌ಕಾರ್ ಹಾಕಿಲ್ಲ, ಉಜ್ಜಿ ಹೊಳಪಾಗಿದ್ರೆ ತಾತ ಹಾಕಿದ್ರು ಅಂತ ಅರ್ಥ. ಅವ್ವನ್ನ ಕೇಳ್ರಿ.

ಈಗ ತಂಗಿ ವಿಷಯ. ನಾನಿಲ್ಲಿ ಒಬ್ಬರು ಹಿರಿಯರ ಟ್ರಯಂಫ್ 650 ಔಟ್‌ಫಿಟ್‌ಗೆ (ಸೈಡ್‌ಕಾರ್ ಕೂಡಿಸಿದ ಬೈಕಿಗೆ) ಪ್ಯಾಸೆಂಜರ್, ಮೂರು ಸೀಸನ್ ಆಯ್ತು. ಪ್ಯಾಸೆಂಜರ್ ಅಂದ್ರೆ ಕೂತ್ಕೊಂಡು ಹೋಗೋನು ಅಲ್ಲ, ಅರ್ಧ ಗಾಡಿ ಅವನೇ. ಎಡಗಡೆ ಸೈಡ್‌ಕಾರ್ ಇದ್ರೆ ಎಡ ತಿರುವಿಗೆ ಚಕ್ರ ಏಳದಂಗೆ ಸೈಡ್‌ಕಾರ್ ಆಚೆ ಪೂರ್ತಿ ಮೈ ಚೆಲ್ಲಬೇಕು, ಬಲ ತಿರುವಿಗೆ ಅಲ್ಲಿಂದ ಎದ್ದು ರೈಡರ್ ಬೆನ್ನ ಹಿಂದೆ ಹಿಂದಿನ ಚಕ್ರದ ಮೇಲೆ ಬರಬೇಕು. ಮಲ್ಲರಿ ಪಾರ್ಕ್ ರೇಸ್ ಟ್ರ್ಯಾಕ್‌ನಲ್ಲಿ ಜೆರಾರ್ಡ್ಸ್ ಅಂತ ಒಂದು ಉದ್ದನೆ ಬಲ ತಿರುವು ಐತಿ, ಮುಗಿಯೋದೇ ಇಲ್ಲ ಅದು, ನನ್ನ ಗದ್ದ ಹಿಂದಿನ ಮಡ್‌ಗಾರ್ಡ್ ಮೇಲೆ, ಒಂದು ಮೊಳಕಾಲು ಗಾಳಿಯಲ್ಲಿ, ಕೈ ಜಾರಿದ್ರೆ ಮುಗೀತು. ಮೊದಲ ಸಲ ಇಳಿದಾಗ ಎರಡು ದಿನ ಚಮಚ ಹಿಡಿಯೋಕಾಗ್ಲಿಲ್ಲ. ಕಬಡ್ಡಿ ಆಡೋಳು ಅಂದ್ರಲ್ಲ, ಅದಕ್ಕಿಂತ ಒಳ್ಳೆ ತಯಾರಿ ಇಲ್ಲ, ಕೆಳಗೆ ಬಗ್ಗಿ ಉಸಿರು ಹಿಡಿದು ಕಾಲು ಬೇಗ ಆಡಿಸೋದು ಎರಡರಲ್ಲೂ ಒಂದೇ.

ಅಮ್ಮ ಬೈತಿದಾರೆ ಅಂದ್ರಿ, ಹಂಗಾದ್ರೆ ಇದನ್ನ ಓದಿ ಹೇಳ್ರಿ. ಐಲ್ ಆಫ್ ಮ್ಯಾನ್ ಟಿಟಿ ಅನ್ನೋ ದೊಡ್ಡ ಬೈಕ್ ರೇಸ್‌ನಲ್ಲಿ 1954ರಲ್ಲಿ ಇಂಗೆ ಸ್ಟಾಲ್ ಅನ್ನೋ ಜರ್ಮನ್ ಹೆಣ್ಮಗಳು ಸೈಡ್‌ಕಾರ್ ಪ್ಯಾಸೆಂಜರ್ ಆಗಿ ಓಡಿದ್ರು, ಆ ರೇಸ್‌ಗೆ ಇಳಿದ ಮೊದಲ ಹೆಣ್ಮಗಳೇ ಅವ್ರು. ಇದಕ್ಕಿಂತ ನನಗೆ ಇಷ್ಟದ್ದು 1958ರ ಕಥೆ. ಎರಿಕ್ ಆಲಿವರ್ ಅಂತ, ನಾರ್ಟನ್ ಬೈಕ್ ಮೇಲೆ 1949, 50, 51, 53 ನಾಲ್ಕು ಸಲ ಸೈಡ್‌ಕಾರ್ ವರ್ಲ್ಡ್ ಚಾಂಪಿಯನ್. 1949ರ ಮೊದಲ ಚಾಂಪಿಯನ್‌ಶಿಪ್‌ನಲ್ಲಿ ಅವರ ಪ್ಯಾಸೆಂಜರ್ ಡೆನಿಸ್ ಜೆಂಕಿನ್ಸನ್ ಅನ್ನೋ ಗಡ್ಡದ ಪತ್ರಕರ್ತ, ಮುಂದೆ 1955ರಲ್ಲಿ ಸ್ಟರ್ಲಿಂಗ್ ಮಾಸ್ ಪಕ್ಕ ಕೂತು ಮಿಲ್ಲೆ ಮಿಲ್ಯಾ ಕಾರ್ ರೇಸ್ ಗೆದ್ದಿದ್ದೂ ಇವ್ರೇ. 1954ರಿಂದ ಬಿಎಂಡಬ್ಲ್ಯೂ ಬಂದು ನಾರ್ಟನ್ನೆಲ್ಲ ಹಿಂದೆ ಹಾಕಿತು. ಆಲಿವರ್ ಏನ್ ಮಾಡಿದ್ರು ಅಂದ್ರೆ 1958ರ ಟಿಟಿಗೆ ರಸ್ತೆ ಮೇಲೆ ಓಡಿಸೋ ನಾರ್ಟನ್ ಡಾಮಿನೇಟರ್, ಅದಕ್ಕೆ ಅಂಗಡಿಯಲ್ಲಿ ಸಿಗೋ ವಾಟ್ಸೋನಿಯನ್ ಸೈಡ್‌ಕಾರ್ ಹಾಕ್ಕೊಂಡು ಬಂದ್ರು, ಒಳಗೆ ಪ್ಯಾಟ್ ವೈಸ್ ಅನ್ನೋ ಹೆಣ್ಮಗಳು. ಎಲ್ರೂ ಮಂಡಿ ಊರಿ ಓಡಿಸೋ ತಗ್ಗು ರೇಸ್ ಗಾಡಿ ತಂದಿದ್ರೆ ಇವರದ್ದು ಸಂತೆಗೆ ಹೊಂಟಂಗೆ. ಹತ್ತನೇ ಸ್ಥಾನ ಬಂದ್ರು!

ಅಂದ್ರೆ ನಾನು ಹೇಳೋದು ಇಷ್ಟೇ, ಎಚ್‌ಪಿ ಲೆಕ್ಕ ಆಮೇಲೆ. ಎಂ20 ಔಟ್‌ಫಿಟ್‌ನಲ್ಲಿ ಅಣ್ಣ ತಂಗಿ 40ರ ಸ್ಪೀಡಲ್ಲಿ ಮೈದಾನದಲ್ಲಿ ಒಂದು ವರ್ಷ ಆಡ್ರಿ, ತಿರುವಿಗೆ ಯಾವಾಗ ಹೋಗ್ಬೇಕು ಅಂತ ಬಾಯಿಬಿಟ್ಟು ಹೇಳದೇ ಅವಳಿಗೆ ಗೊತ್ತಾಗಬೇಕು. ಅದು ಬಂದ್ರೆ ಆಮೇಲೆ ಗಂಗಾವತಿ ಅಣ್ಣ ಹೇಳಿದಂಗೆ ಬುಲೆಟ್ ರೇಸರ್. ಅದಕ್ಕೆ ಮಾತ್ರ ರೈಡರ್ ಕೈಗೆ ದಾರ ಕಟ್ಟಿದ ಕಿಲ್ ಸ್ವಿಚ್ ಬೇಕೇ ಬೇಕು, ರೈಡರ್ ಬಿದ್ರೆ ಎಂಜಿನ್ ನಿಲ್ಲಬೇಕು, ಇಲ್ಲಾಂದ್ರೆ ಪ್ಯಾಸೆಂಜರ್ ಒಬ್ಬಳೇ ಗಾಡಿ ಮೇಲೆ ಉಳೀತಾಳೆ. ಆಯಿಲ್ ಡ್ರೈನ್ ಬೋಲ್ಟಿಗೆಲ್ಲ ತಂತಿ ಕಟ್ಟಬೇಕು. ಇಲ್ಲಿ ಇವಿಲ್ಲದೆ ಟ್ರ್ಯಾಕ್ ಗೇಟ್ ದಾಟಿಸಲ್ಲ.

ಕುಷ್ಟಗಿ ಪೇಪರ್ ಪಂಡಿತ:

ಪೇಪರ್ ಯಾರೂ ಹೇಳಲಿಲ್ಲ ನಾ ಹೇಳ್ತೀನಿ. 50 ವರ್ಷ ದಾಟಿದ ಗಾಡಿಗೆ 2021ರಾಗ ಕೇಂದ್ರದವರು ವಿಂಟೇಜ್ ನಿಯಮ ಮಾಡ್ಯಾರ, ನಂಬರ್ ಪ್ಲೇಟಿನ್ಯಾಗ ಕೆಎ ಆದ್ಮ್ಯಾಲೆ ವಿಎ ಅಂತ ಬರತೈತಿ. ಹೊಸದಾಗಿ ರಿಜಿಸ್ಟರ್ ಮಾಡ್ಸಿದ್ರ 20,000 ರೂಪಾಯಿ, ಹತ್ತು ವರ್ಷಕ್ಕ, ಮತ್ತ ರಿನ್ಯೂ 5,000. ಆದ್ರ ದಿನಾ ಓಡಿಸೂ ಹಂಗಿಲ್ಲ, ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕ್ಸಾಕ ಇಂಥಾದ್ಕಷ್ಟ. ಎಂಜಿನ್ನು ಚಾಸಿ ಕುಯ್ದು ಬದಲು ಮಾಡಿದ್ರ ಕೊಡೂದಿಲ್ಲ, ಮೇಸ್ತ್ರಿ ಪಿಸ್ಟನ್ ಬ್ಯಾಡ ಅನ್ನಾಕ ಇದೂ ಒಂದು ಕಾರಣ. ಹರಿದಿದ್ರೂ ಆ ಆರ್‌ಸಿ ಲ್ಯಾಮಿನೇಷನ್ ಮಾಡ್ಸಬ್ಯಾಡ, ಹಂಗೇ ಪ್ಲಾಸ್ಟಿಕ್ ಕವರ್‌ದಾಗ ಇಟ್ಕೊಂಡು ಆರ್‌ಟಿಒಗೆ ಹೋಗು. ಬುಲೆಟ್ಟಿಗೆ ಸೈಡ್‌ಕಾರ್ ಹಾಕಿ ರಸ್ತೆ ಮ್ಯಾಲೆ ತರೂದಾದ್ರ ಆರ್‌ಸಿಯೊಳಗ ಅದನ್ನ ಏರಿಸ್ಬೇಕು, ಇಲ್ಲಾಂದ್ರ ಇನ್ಶೂರೆನ್ಸಿನವ್ರು ಕೈ ಎತ್ತತಾರ.

ಓಡಿಸೂದು ಎಲ್ಲಿ ಅಂದ್ರ ನಮ್ಮ ಮೂರೂ ಜಿಲ್ಲ್ಯಾಗ ಟ್ರ್ಯಾಕ್ ಇಲ್ಲ, ಹೈವೇ ಮ್ಯಾಲೆ ಆಟ ಆಡಿದ್ರ ಸ್ಟೇಷನ್ನೇ ಗತಿ. ಟ್ರ್ಯಾಕ್ ಬೇಕಂದ್ರ ಚೆನ್ನೈ ಹತ್ರದ ಇರುಂಗಾಟ್ಟುಕೋಟೈ, 3.7 ಕಿಲೋಮೀಟರ್ ಟ್ರ್ಯಾಕು, ಇಲ್ಲಾ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಮೊದಲ ಫೋನ್ ಹಚ್ಚಿ ಮೂರು ಚಕ್ರದ ಗಾಡಿ ಬಿಡ್ತೀರೇನು ಅಂತ ಕೇಳಿ ಆಮ್ಯಾಲೆ ಲಾರಿ ಬುಕ್ ಮಾಡು, ಸುಮ್ನ ಐನೂರು ಕಿಲೋಮೀಟರ್ ಹೋಗಿ ಗೇಟಿನ್ಯಾಗ ನಿಂತು ಬರಬ್ಯಾಡ. ಮತ್ತ ಪೆಟ್ರೋಲ್ ಈಗ ಎಲ್ಲಾ ಕಡಿ 20 ಪರ್ಸೆಂಟ್ ಎಥೆನಾಲ್, ಹಳೇ ರಬ್ಬರ್ ಪೈಪು ಕೊರೀತೈತಿ, ಟ್ಯಾಂಕಿನ್ಯಾಗ ಬಿಟ್ರ ನೀರು ಹಿಡೀತೈತಿ. ಓಡ್ಸಿ ಬಂದು ಖಾಲಿ ಮಾಡಿ ಇಡು.

ಕೌಲ್‌ಬಜಾರ್ ಹುಡುಗ, ಬಳ್ಳಾರಿ:

ಎಲ್ರಿಗೂ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಹದಿನೇಳನೇ ದಿನಕ್ಕೆ ಪಿಸ್ಟನ್ ಅಲ್ಲಾಡ್ತು ಮಾವ!! ಒಂದು ಇಂಚು ಕೆಳಗೆ ಹೋಯ್ತು ಅಷ್ಟೇ, ನಾನೂ ತಂಗೀನೂ ಓಣಿಗೆಲ್ಲ ಕೇಳೋ ಹಂಗೆ ಕೂಗಿದ್ವಿ. ಎಕ್ಸಾಸ್ಟ್ ವಾಲ್ವ್ ಇನ್ನೂ ಹಿಡಿದೈತೆ.

ಪರದೇಸಿ ಅಣ್ಣ ಹೇಳಿದಂಗೆ ಲಗ್ಗಲ್ಲಿ ಬೆರಳು ಹಾಕಿ ನೋಡ್ದೆ. ಮಣ್ಣು ಕೆರೆದ ಮೇಲೆ ಒಳಗೆ ಕನ್ನಡಿ ಹೊಳದಂಗೆ ಹೊಳೀತೈತೆ. ಸೀದಾ ಅವ್ವನ ಹತ್ರ ಹೋಗಿ ತಾತನ ಗಾಡಿಗೆ ಪಕ್ಕದಲ್ಲಿ ತೊಟ್ಲು ಇತ್ತಾ ಅಂತ ಕೇಳ್ದೆ. ಅವ್ವಗೆ ಈಗ ಎಂಬತ್ತೆಂಟು, ಕಿವಿ ಸ್ವಲ್ಪ ಮಂದ, ನನ್ನ ದಡ್ಡನ್ನ ನೋಡ್ದಂಗೆ ನೋಡಿ, ಇದ್ದಿಲ್ದೆ ಏನೋ, ಮದ್ವೆ ಆಗಿ ನಾನು ಈ ಮನೆಗೆ ಬಂದಿದ್ದೇ ಅದ್ರಾಗೆ ಕೂತ್ಕಂಡು, ಆಲೂರು ಹಳ್ಳದಾಗೆ ನೀರು ಬಂದು ಸೀರೆ ಎಲ್ಲ ನೆಂದಿತ್ತು ಅಂದ್ಲು. ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಂದ್ರೆ ನೀವ್ಯಾರು ಕೇಳಿದ್ರಿ ಅಂದ್ಲು.

ಮತ್ತೆ ಅದೆಲ್ಲೋಯ್ತು ಅಂತ ಕೇಳಿದ್ದಕ್ಕೆ, ತೊಟ್ಲು ತಗಡು ತುಕ್ಕು ಹಿಡ್ದು ಹೋಯ್ತು, ಕೆಳಗಿನ ಕಬ್ಬಣ ಗಟ್ಟಿ ಐತೆ ಅಂತ ನಿಮ್ಮ ತಾತ ಅದಕ್ಕೆ ಇನ್ನೊಂದು ಗಾಲಿ ಹಾಕಿಸಿ ಪಂಪ್‌ಸೆಟ್ ಕೂರಿಸ್ದ ಅಂದ್ಲು.

ಅಂದ್ರೆ ಆ ಟ್ರಾಲಿ. ಬೈಕನ್ನ ಎತ್ತಿ ಹಾಕ್ಕೊಂಡು ಎಳೆದು ತಂದ್ವಲ್ಲ ಅದೇ ಟ್ರಾಲಿ. ನಿನ್ನೆ ಸಂಜೆ ಹೋಗಿ ಟಾರ್ಚ್ ಹಾಕಿ ನೋಡಿದ್ವಿ, ಬಲಗಡೆ ಗಾಲಿ ಯಾವುದೋ ಹಳೇ ಲೂನಾದು, ಎಡಗಡೇದು ಕಡ್ಡಿ ಚಕ್ರ, 19 ಇಂಚು, ಬೈಕಿಂದೇ ಸೈಜು. ಮುಂದೆ ಹಂಸದ ಕುತ್ತಿಗೆ ಥರ ಬಗ್ಗಿದ ಪೈಪು ಹಂಗೇ ಐತೆ, ತಾತ ಅದಕ್ಕೇ ಹಗ್ಗ ಕಟ್ತಿದ್ದ. ಲೂನಾ ಗಾಲಿ ಕಡೆ ಎರಡು ಜಾಗ ವೆಲ್ಡ್ ಹೊಡೆದವ್ರೆ. ಅದನ್ನ ಗ್ರೈಂಡರ್ ಹಾಕಿ ಕುಯ್ದು ತೆಗೆದ್ರೆ ಪೈಪ್ ಉಳಿಯುತ್ತಾ?

ಲೇತ್ ಮಾವ, ರಾಯಚೂರು:

ಗ್ರೈಂಡರ್ ಮುಟ್ಟಬ್ಯಾಡ!! ಅದು ಈಗಿನ ಪೈಪಲ್ಲ, ಬಿಸಿ ಆದ್ರ ಸೊಟ್ಟ ಆಗ್ತದ, ಆಮ್ಯಾಲೆ ಗಂಗಾವತಿಯವ ಹೇಳಿದ ಟೋ ಇನ್ ಜನ್ಮದಾಗ ಕೂಡೂದಿಲ್ಲ. ಹಾಕ್ಸಾ ಬ್ಲೇಡಿಲೆ, ಕೈಲೆ, ವೆಲ್ಡಿನ ಗಂಟು ಅಷ್ಟ ಕುಯ್ಯಿ, ಉಳದದ್ದು ಅರದಿಂದ ತಿಕ್ಕು. ಆ 19 ಇಂಚಿನ ಚಕ್ರದ ಸ್ಪಿಂಡಲ್ ನಟ್ ಬಿಚ್ಚೋ ಮೊದಲ ಥ್ರೆಡ್ ಎಡಕ್ಕ ತಿರುಗ್ತದೋ ಬಲಕ್ಕೋ ನೋಡಿ ಒಂದು ಫೋಟೊ ಹಾಕು. ಭಾನುವಾರ ನಾ ಸಿರುಗುಪ್ಪ ಕಡಿ ಬರ್ತಾ ಇದೀನಿ, ಡೈ ಸೆಟ್ ತರ್ತೀನಿ.

ಗಂಗಾವತಿ ಬುಲೆಟ್:

ನಾನೂ ಬರ್ತೀನಿ. ಪಟ್ಟಿ, ತೂಗುಗುಂಡು ನಂದು. ಊಟ ಅವ್ವನ ಕೈದು.